ಹನ್ನೊಂದು ಸೆಕೆಂಡು

ಸೀಸದ ಅಂಗಿ ಆರೂವರೆ ಕಿಲೋ.
ಹದಿನೇಳು ವರ್ಷದಿಂದ ಬೆಳಿಗ್ಗೆ ಎಂಟಕ್ಕೆ ನನ್ನ ಹೆಗಲಿಗೆ,
ಸಂಜೆ ಗೋಡೆಯ ಕೊಕ್ಕೆಗೆ. ಮಡಚಬಾರದು ಅದನ್ನು,
ಮಡಚಿದರೆ ಒಳಗೆ ಬಿರುಕು, ಬಿರುಕಿನಲ್ಲಿ ಬೆಳಕು.
ಕಾಣದ ಬೆಳಕು. ಬಿಸಿಯಿಲ್ಲ, ವಾಸನೆಯಿಲ್ಲ.
ಎದೆಗೆ ಸಿಕ್ಕಿಸಿದ ಬ್ಯಾಡ್ಜು ಮಾತ್ರ
ಮೂರು ತಿಂಗಳಿಗೊಮ್ಮೆ ಅಂಚೆಯಲ್ಲಿ ಹೋಗಿ
ನನ್ನ ಪಾಲು ಎಷ್ಟೆಂದು ಕೇಳಿಕೊಂಡು ಬರುತ್ತದೆ.

ಕೆಲಸ ಕಲಿಸಿದ ಮೊಣ್ಣಪ್ಪ ಸರ್‌ಗೆ
ನಲವತ್ತಾರಕ್ಕೇ ಎಡಗಣ್ಣಲ್ಲಿ ಪೊರೆ.
ಎಡಗಣ್ಣೇ ಯಾಕೆ ಅಂತ ಯಾರೂ ಕೇಳಲಿಲ್ಲ.
ಅವರು ನಿಲ್ಲುವ ಕಡೆಯಿಂದ ಎಕ್ಸ್‌ರೇ ಕೊಳವೆ ಎಡಕ್ಕಿತ್ತು, ಅಷ್ಟೆ.
"ಮಡಿಕೇರಿಯ ಮಂಜು ಕಣ್ಣೊಳಗೇ ಬಂತು ಮಾರಾಯ್ತಿ"
ಎಂದು ನಗುತ್ತಿದ್ದರು,
ಸಹಿ ಹಾಕುವ ಗೆರೆ ಹುಡುಕುತ್ತಾ.

ಇವತ್ತಿನ ಹೆಸರು: ಜೇನುಕುರುಬರ ಮಾಸ್ತಿ, ಐವತ್ತೆಂಟು.
ಕುಟ್ಟದ ಕಡೆ ಕಾಡಿನ ವಾಚರ್.
ಹೃದಯದ ಮೇಲ್ಕೋಣೆ ಎರಡು ವರ್ಷದಿಂದ
ಲಯ ಬಿಟ್ಟು ನಡುಗುತ್ತಿದೆ,
ಕೋಲು ತಾಗಿದ ಹೆಜ್ಜೇನು ಅಂತ ಅವನದೇ ಮಾತು.
ಮೂತ್ರಪಿಂಡ ಒಂದೇ. ಇನ್ನೊಂದು
ಕಾಟಿಯ ಕೊಂಬಿಗೆ ಹೋಯಿತು, ಹಳೆಯ ಕತೆ.
ಉಳಿದದ್ದೂ ದಣಿದಿದೆ, ಕ್ರಿಯಾಟಿನಿನ್ ಎರಡು ದಾಟಿದೆ.
ರಕ್ತನಾಳ ಕಾಣಲೆಂದು ಬಣ್ಣ ಹಾಯಿಸಿದರೆ
ಅದನ್ನು ಸೋಸುವವರು ಯಾರು?

ಡಾಕ್ಟರ್ ಸುಹರಾ ಹಿಂದಿನ ಸಂಜೆ ಮಂಚದ ಪಕ್ಕ ಕೂತರು.
ಡೈ ಹಾಕುದಿಲ್ಲ. ಎಕ್ಸ್‌ರೇ ಆದಷ್ಟೂ ಇಲ್ಲ.
ತೊಡೆಯ ನರದಿಂದ ಒಂದು ತಂತಿ ಹೋಗ್ತದೆ,
ತುದಿಯಲ್ಲಿ ಕಿವಿ ಇರುವ ತಂತಿ.
ಶಬ್ದ ಕಳಿಸಿ, ಮರುದನಿ ಕೇಳಿ,
ಗೋಡೆ ಎಲ್ಲಿದೆ ಅಂತ ಅದೇ ಹೇಳ್ತದೆ.
ಹೆದರಿದನೇನೋ ಎಂದು ನಾನು ಮುಖ ನೋಡಿದೆ.
"ನಾವೂ ರಾತ್ರಿ ಟಾರ್ಚ್ ಹಾಕುದಿಲ್ಲ ಮೇಡಮ್," ಅಂದ.
"ಹಾಕಿದ್ರೆ ಟಾರ್ಚಿನಷ್ಟೇ ಕಾಡು ಕಾಣ್ತದೆ.
ಆನೆಗೆ ಮಾತ್ರ ನಾವು ಪೂರಾ ಕಾಣ್ತೇವೆ."

ಕೋಣೆಯಲ್ಲಿ ಟ್ಯೂಬ್‌ಲೈಟು ಉರಿಯುತ್ತಿತ್ತು.
ಆದರೂ ಡಾಕ್ಟರು ಕತ್ತಲಲ್ಲಿ ನಡೆದ ಹಾಗೇ ನಡೆದರು.
ತಂತಿ ತಾಗಿದಲ್ಲಿ ಪರದೆಯ ಮೇಲೊಂದು ಚುಕ್ಕೆ,
ಚುಕ್ಕೆ ಚುಕ್ಕೆ ಕೂಡಿ ಗೋಡೆ,
ಗೋಡೆ ತಿರುಗಿ ಬಲಗಡೆಯ ಕೋಣೆ, ನೇರಳೆ ಬಣ್ಣದ್ದು.
ನನ್ನ ಕೈಗೆ ಕೆಲಸವಿಲ್ಲ.
ಪೆಡಲ್ ನೆಲದ ಮೇಲಿದೆ, ಅದರ ಮೇಲೆ ಕಾಲಿಲ್ಲ.
ಡೈ ಬಾಟಲಿಯ ಸೀಲು ಹಾಗೇ ಇದೆ.
ಅಂಗಿ ಬಿಚ್ಚಲಿಲ್ಲ ಆದರೂ. ಅಭ್ಯಾಸ.
ರಿಜಿಸ್ಟರಿನಲ್ಲಿ ಸೊನ್ನೆ ಬರೆದಾಗಿತ್ತು ಮನಸ್ಸಿನಲ್ಲೇ,
ಕೊಂಚ ದೊಡ್ಡದಾಗಿಯೇ.

ಆಮೇಲೆ ಎರಡು ಕೋಣೆಗಳ ನಡುವಿನ ಪರೆ.
ಸೂಜಿ ತಾಗಿ ಡೇರೆಯಂತೆ ಉಬ್ಬಿತು, ಬಿಡಲಿಲ್ಲ.
ಇನ್ನೊಮ್ಮೆ. ಮರುದನಿಯ ಚಿತ್ರ ಕದಡಿ
ಸೂಜಿಯ ತುದಿ ಯಾವುದು, ನೆರಳು ಯಾವುದು,
ಯಾರಿಗೂ ತಿಳಿಯಲಿಲ್ಲ.
ಡಾಕ್ಟರು ನನ್ನ ಕಡೆ ಕಣ್ಣೆತ್ತಿದರು.
ಚೌಕಟ್ಟು ಕಿರಿದು ಮಾಡಿದೆ, ಅಂಚೆಚೀಟಿಯಷ್ಟು.
ಸೆಕೆಂಡಿಗೆ ಹದಿನೈದಿದ್ದ ಚಿತ್ರ ನಾಲ್ಕಕ್ಕಿಳಿಸಿದೆ.
ಪೆಡಲ್.

ಬಿಟ್ಟಾಗ ಸೂಜಿ ಆಚೆ ದಡದಲ್ಲಿತ್ತು.

ಮತ್ತೆ ಕತ್ತಲಿನ ನಡಿಗೆ. ಎಡಗಡೆಯ ಕೋಣೆ,
ನಾಲ್ಕು ನಾಳಗಳ ಬಾಯಿ, ಬಾಯಿ ಸುತ್ತ
ಸುಟ್ಟ ಚುಕ್ಕೆಗಳ ಬೇಲಿ. ಮೂರು ಗಂಟೆಯ ಹೊತ್ತಿಗೆ
ಹೆಜ್ಜೇನು ಗೂಡಿನಲ್ಲಿ ಕೂತಿತು. ಗೆರೆ ಒಂದೇ ಅಳತೆಯಲ್ಲಿ
ಎದ್ದು ಬಿದ್ದು, ಎದ್ದು ಬಿದ್ದು.
ಮೊಣ್ಣಪ್ಪ ಸರ್ ಕಾಲದಲ್ಲಿ ಇದೇ ಕೆಲಸಕ್ಕೆ
ಐವತ್ತು ನಿಮಿಷ ಉರಿಸುತ್ತಿದ್ದೆವು.
ಡೈ: ಇಲ್ಲ, ಎಂದು ಬರೆದೆ.
ಎಕ್ಸ್‌ರೇ ಕಾಲಮಿನಲ್ಲಿ ಪೆನ್ನು ಸ್ವಲ್ಪ ನಿಂತಿತು.

ಸಂಜೆ ಅವನು ತೊಡೆಯ ಮೇಲೆ ಮರಳಿನ ಚೀಲ ಇಟ್ಟುಕೊಂಡು
ಕಾಲಾಡಿಸದೆ ಮಲಗಿದ್ದ.
"ಟಾರ್ಚ್ ಹಾಕಿದ್ರಾ?"
"ಒಂದು ಸಲ. ಹನ್ನೊಂದು ಸೆಕೆಂಡು," ಅಂದೆ,
ತಪ್ಪು ಒಪ್ಪಿಕೊಂಡವಳ ದನಿಯಲ್ಲಿ.
"ಹೊಳೆ ದಾಟುವಾಗಲಾ?"
ಹೌದೆಂದೆ.
"ಅಲ್ಲಿ ಹಾಕ್ಬೇಕು," ಅಂದ ಮಾಸ್ತಿ,
ಕಣ್ಣು ಮುಚ್ಚಿದ.